ಉಕ್ಕು ತಿರುಚುತ್ತದೆ, ರಬ್ಬರ್ ಕಾಯುತ್ತದೆ

ಉಕ್ಕು ತಿರುಚಿಕೊಳ್ಳುತ್ತದೆ! ತಂತಿಯಲ್ಲ, ತಗಡಲ್ಲ, ಎರಡು ಇಂಚು ದಪ್ಪದ ಅಪ್ಪಟ ಉಕ್ಕು. ನಿಮ್ಮ ಕಾರು ಹೆದ್ದಾರಿಯಲ್ಲಿ ಸರಾಗವಾಗಿ ಓಡುತ್ತಿದೆ, ನೀವು ಹಾಡು ಕೇಳುತ್ತ ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದೀರಿ. ಅದೇ ಹೊತ್ತಿಗೆ ಬಾನೆಟ್ ಕೆಳಗೆ ಕ್ರ್ಯಾಂಕ್‌ಶಾಫ್ಟ್ ಎಂಬ ದಂಡ ಒಂದು ಕಡೆ ತಿರುಚಿ, ಬಿಚ್ಚಿಕೊಂಡು, ಮತ್ತೊಂದು ಕಡೆ ತಿರುಚಿ, ಸೆಕೆಂಡಿಗೆ ನೂರಾರು ಬಾರಿ ನಡುಗುತ್ತಿದೆ. ಅದು ಒಂದು ದಿನ ಇದ್ದಕ್ಕಿದ್ದಂತೆ ಎರಡು ತುಂಡಾಗದಂತೆ ಕಾಯುತ್ತಿರುವುದು ಯಾರು ಗೊತ್ತೆ? ಕೆಲವೇ ಮಿಲಿಮೀಟರ್ ದಪ್ಪದ ಒಂದು ರಬ್ಬರ್ ಪಟ್ಟಿ! ಅದು ಅಡಗಿ ಕೂತಿರುವುದು ಎಲ್ಲಿ? ಬೆಲ್ಟ್ ತಿರುಗಿಸುವುದಕ್ಕೆ ಮಾತ್ರ ಇದೆ ಎಂದು ಎಲ್ಲರೂ ತಿಳಿದಿರುವ ಆ ಕರಿ ಗಾಲಿಯಲ್ಲಿ, ಕ್ರ್ಯಾಂಕ್ ಪುಲ್ಲಿಯಲ್ಲಿ!

ಈ ಗುಟ್ಟು ರಟ್ಟಾದದ್ದು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಹಳೇ ಹೊಂಡಾ ಸಿಆರ್-ವಿ ಅಲ್ಲಿಗೆ ಬಂದಿತ್ತು. 2.4 ಲೀಟರಿನ ಪೆಟ್ರೋಲ್ ಎಂಜಿನ್, ಕಂಪನಿಯ ಲೆಕ್ಕದಲ್ಲಿ ಕೆ24. ದೂರು ಸಣ್ಣದು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬೆಲ್ಟ್ ಕಿರ್‍ರೆನ್ನುತ್ತದೆ, ಎಸಿ ಹಾಕಿದರೆ ಇನ್ನೂ ಜೋರು. ಬೇರೆಲ್ಲೋ ಬೆಲ್ಟ್ ಬದಲಿಸಿಯಾಗಿತ್ತು, ಟೆನ್ಷನರ್ ಬದಲಿಸಿಯಾಗಿತ್ತು, ದುಡ್ಡೂ ಖರ್ಚಾಗಿತ್ತು. ಕಿರುಚಾಟ ಮಾತ್ರ ನಿಂತಿರಲಿಲ್ಲ.

ಗ್ಯಾರೇಜಿನ ಉಸ್ತಾದರು ಬೆಲ್ಟ್ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿಸಿ, ಕೆಳಗೆ ಸ್ಟ್ಯಾಂಡ್ ಕೊಡಿಸಿ, ಡ್ರೈವರ್ ಕಡೆಯ ಮುಂಚಕ್ರ ಬಿಚ್ಚಿಸಿದರು. ಚಕ್ರದ ಹಿಂದಿನ ಪ್ಲಾಸ್ಟಿಕ್ ಕವರ್ ಸರಿಸಿದ್ದೇ ತಡ, ಧೂಳು ಮೆತ್ತಿದ ಪುಲ್ಲಿಯ ಮುಖ ಕಾಣಿಸಿತು. ಬಟ್ಟೆಯಲ್ಲಿ ಒರೆಸಿ, ಬಿಳಿ ಪೇಂಟಿಗೆ ಕಡ್ಡಿ ಅದ್ದಿ, ನಡುವಿನಿಂದ ಅಂಚಿನವರೆಗೆ ನೇರವಾಗಿ ಒಂದು ಗೆರೆ ಎಳೆದರು. ಪೇಂಟ್ ಒಣಗಲಿ ಎಂದು ಒಂದು ಚಹಾ ಆಯಿತು. ಆಮೇಲೆ ಹುಡುಗನಿಗೆ ಹೇಳಿದರು: "ಸ್ಟಾರ್ಟ್ ಮಾಡೋ. ಎಸಿ ಹಾಕು. ಸ್ವಲ್ಪ ರೇಸ್ ಕೊಡು. ಹ್ಞಾಂ, ಸಾಕು, ಆಫ್ ಮಾಡು."

ಎಂಜಿನ್ ನಿಂತಿತು. ಬಗ್ಗಿ ನೋಡಿದೆ. ಗೆರೆ ಮುರಿದಿತ್ತು! ನಡುವಿನ ತುಂಡು ಒಂದು ಕಡೆ, ಅಂಚಿನ ತುಂಡು ಅದರಿಂದ ಎರಡು ಬೆರಳು ಆಚೆ.

"ನೋಡಿದ್ರಾ ಸಾರ್, ಇದು ಒಂದು ಗಾಲಿ ಅಲ್ಲ, ಎರಡು. ಒಳಗಿಂದು ತಿರುಗ್ತಾ ಇದೆ, ಹೊರಗಿಂದು ಜಾರ್ತಾ ಇದೆ. ಪಾಪ, ಬೆಲ್ಟಿಂದು ಏನು ತಪ್ಪು?"

ಎರಡು ಗಾಲಿ! ಹೌದು, ಹತ್ತಿರದಿಂದ ನೋಡಿದರೆ ಎಷ್ಟು ಸ್ಪಷ್ಟ. ಒಳಗೆ ಗಟ್ಟಿ ಲೋಹದ ಹಬ್, ಅದು ಬೋಲ್ಟಿನಿಂದ ಕ್ರ್ಯಾಂಕ್‌ಶಾಫ್ಟಿನ ತುದಿಗೆ ಭದ್ರ. ಹೊರಗೆ ಭಾರವಾದ ಒಂದು ಉಂಗುರ, ಅದರ ಬೆನ್ನ ಮೇಲೆ ಬೆಲ್ಟ್ ಕೂರುವ ಸಾಲು ಸಾಲು ಗೀರು. ಇವೆರಡಕ್ಕೂ ಲೋಹದ ಸಂಬಂಧವೇ ಇಲ್ಲ! ಬೋಲ್ಟಿಲ್ಲ, ವೆಲ್ಡಿಂಗ್ ಇಲ್ಲ, ಕೀಲಿಲ್ಲ. ನಡುವೆ ಇರುವುದು ಒಂದು ರಬ್ಬರ್ ಪಟ್ಟಿ ಮಾತ್ರ. ಆಲ್ಟರ್ನೇಟರ್, ಎಸಿ ಕಂಪ್ರೆಸರ್, ವಾಟರ್ ಪಂಪ್, ಪವರ್ ಸ್ಟೀರಿಂಗ್ ಪಂಪ್, ಇಷ್ಟನ್ನೂ ತಿರುಗಿಸುವ ಶಕ್ತಿ ಆ ರಬ್ಬರನ್ನು ದಾಟಿಯೇ ಹೊರಗೆ ಬರಬೇಕು. ಈ ಗಾಡಿಯಲ್ಲಿ ರಬ್ಬರ್ ಮುದಿಯಾಗಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು, ಒಂದು ಕಡೆ ಎಳೆ ಎಳೆಯಾಗಿ ಹೊರಕ್ಕೆ ಉಬ್ಬಿದ ಕರಿ ಚೂರು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು.

ಬೆಲ್ಟ್ ತಿರುಗಿಸುವುದಷ್ಟೇ ಕೆಲಸವಾಗಿದ್ದರೆ ಯಾರಾದರೂ ಒಂದೇ ತುಂಡಿನ ಗಾಲಿ ಎರಕ ಹೊಯ್ದು ಕೈ ತೊಳೆದುಕೊಳ್ಳುತ್ತಿದ್ದರಲ್ಲವೆ? ಅಗ್ಗವೂ ಹೌದು, ಎಂದೂ ಹಾಳಾಗದು. ಮತ್ತೆ ಈ ರಬ್ಬರಿನ ಉಸಾಬರಿ ಏಕೆ? ಇಲ್ಲಿಂದ ಕಥೆ ಶುರು.

ಲೆಕ್ಕ ಹಾಕೋಣ. ಕೆ24 ಎಂಜಿನ್ನಿನ ಸಿಲಿಂಡರಿನ ವ್ಯಾಸ 87 ಮಿ.ಮೀ. ಅಂದರೆ ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 59 ಚದರ ಸೆಂ.ಮೀ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಒಳಗೆ ಉರಿಯುವ ಅನಿಲದ ಒತ್ತಡ ಹೊರಗಿನ ಗಾಳಿಯ ಒತ್ತಡದ ಐವತ್ತು ಪಟ್ಟು ಮುಟ್ಟುವುದು ಏನೂ ದೊಡ್ಡದಲ್ಲ. ಗುಣಿಸಿ ನೋಡಿ: ಅಂಗೈಯಷ್ಟು ಅಗಲದ ಆ ಪಿಸ್ಟನ್ನಿನ ಮೇಲೆ ಬೀಳುವ ಭಾರ ಹತ್ತಿರ ಹತ್ತಿರ ಮೂರು ಟನ್! ಸಿಆರ್-ವಿಯ ಇಡೀ ಗಾಡಿಯ ತೂಕಕ್ಕಿಂತ ಎಷ್ಟೋ ಹೆಚ್ಚು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಅರ್ಧ ಸುತ್ತಿಗೊಮ್ಮೆ ಇಂಥ ಒಂದು ಏಟು, ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ. ಮೀಟರಿನ ಮುಳ್ಳು 3000ದಲ್ಲಿದ್ದರೆ ಸೆಕೆಂಡಿಗೆ 50 ಸುತ್ತು, ಅಂದರೆ 100 ಏಟು. ಮುಳ್ಳು 6000ಕ್ಕೆ ಏರಿದರೆ 200.

ಈ ಏಟು ಬೀಳುವುದು ಕ್ರ್ಯಾಂಕ್‌ಶಾಫ್ಟಿನ ಬಾಗಿದ ಮೊಣಕೈಗಳ ಮೇಲೆ. ಅದರ ಒಂದು ತುದಿಯಲ್ಲಿ ಗೇರ್‌ಬಾಕ್ಸ್ ಕಡೆಗೆ ಭಾರವಾದ ಫ್ಲೈವೀಲ್. ಅದು ಅಷ್ಟು ಸುಲಭಕ್ಕೆ ವೇಗ ಬದಲಿಸುವ ಜಾಯಮಾನದ್ದಲ್ಲ. ಇನ್ನೊಂದು ತುದಿ ಮಾತ್ರ ಸ್ವತಂತ್ರ. ಏಟು ಬಿದ್ದಾಗ ಆ ತುದಿ ಚೂರು ಮುಂದಕ್ಕೆ ಓಡುತ್ತದೆ, ದಂಡ ತಿರುಚುತ್ತದೆ. ಏಟು ಮುಗಿದಾಗ ಉಕ್ಕು ತನ್ನ ಮೊದಲಿನ ಆಕಾರಕ್ಕೆ ಮರಳಲು ಚಿಮ್ಮುತ್ತದೆ, ಚಿಮ್ಮಿ ಹಿಂದಕ್ಕೆ ಹೋಗಿ ಆ ಕಡೆಗೂ ತಿರುಚುತ್ತದೆ. ಎಷ್ಟು ತಿರುಚುತ್ತದೆ? ಒಂದು ಡಿಗ್ರಿಯೂ ಇಲ್ಲ, ಅದರ ಯಾವುದೋ ಒಂದು ಪಾಲು. ಕಣ್ಣಿಗೆ ಕಾಣದು, ಕೈಗೆ ಸಿಗದು, ಸೀಟಿನಲ್ಲಿ ಕೂತವರಿಗೆ ಗೊತ್ತೇ ಆಗದು.

ಇಷ್ಟೇ ಆಗಿದ್ದರೆ ಉಕ್ಕು ಸಹಿಸಿಕೊಳ್ಳುತ್ತಿತ್ತು. ತೊಂದರೆ ಇರುವುದು ಬೇರೆ ಕಡೆ. ಪ್ರತಿಯೊಂದು ಕ್ರ್ಯಾಂಕ್‌ಶಾಫ್ಟಿಗೂ ತನ್ನದೇ ಆದ ಒಂದು ನಡುಕದ ಲಯವಿದೆ. ಅದರ ಉದ್ದ, ದಪ್ಪ, ತೂಕದಿಂದ ಹುಟ್ಟಿದ ಲಯ ಅದು. ಎಂಜಿನ್ನಿನ ಏಟುಗಳ ಲಯವೋ ಅದರ ಎರಡು ಪಟ್ಟು, ಮೂರು ಪಟ್ಟಿನ ಲಯವೋ ಯಾವುದೋ ಒಂದು ವೇಗದಲ್ಲಿ ಇದರ ಜೊತೆ ಹೊಂದಿಕೊಂಡುಬಿಟ್ಟರೆ ಮುಗಿಯಿತು. ಪ್ರತಿ ಏಟೂ ಹಿಂದಿನ ನಡುಕಕ್ಕೆ ಇನ್ನಷ್ಟು ಸೇರಿಸುತ್ತದೆ. ಬೆಳೆಯುತ್ತದೆ, ಬೆಳೆಯುತ್ತದೆ, ಕೊನೆಗೆ ಎಲ್ಲೋ ಒಂದು ಆಯಿಲ್ ರಂಧ್ರದ ಅಂಚಿನಲ್ಲಿ, ಎಲ್ಲೋ ಒಂದು ತಿರುವಿನ ಮೂಲೆಯಲ್ಲಿ ಕೂದಲಿನಷ್ಟು ಬಿರುಕು ಹುಟ್ಟುತ್ತದೆ. ಆಮೇಲೆ ಕಾಲವೇ ಕೆಲಸ ಮಾಡುತ್ತದೆ. ಮುರಿದ ಶಾಫ್ಟಿನ ಬಾಯಿ ನೋಡಿದರೆ ಬಿರುಕು ದಿನದಿಂದ ದಿನಕ್ಕೆ ಮುಂದೆ ಸರಿದ ಗುರುತುಗಳು ಒಂದರ ಪಕ್ಕ ಒಂದು ಗೆರೆಯಾಗಿ ಕಾಣುತ್ತವೆ!

ಇದು ಪುಸ್ತಕದ ಭಯವಲ್ಲ. ಮೋಟಾರು ಯುಗದ ಹೊಸ್ತಿಲಲ್ಲೇ ಇಂಗ್ಲೆಂಡಿನ ಮಹಾ ಮಹಾ ಎಂಜಿನಿಯರುಗಳಿಗೆ ನೀರು ಕುಡಿಸಿದ ಸಂಗತಿ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಆರು ಸಿಲಿಂಡರಿನ ಎಂಜಿನ್ ಎಂದರೆ ಶ್ರೀಮಂತರ ಹುಚ್ಚು. ಸಿಲಿಂಡರ್ ಹೆಚ್ಚಾದಷ್ಟೂ ಓಟ ನಯ ಎಂಬ ನಂಬಿಕೆ. ಸಿಲಿಂಡರ್ ಹೆಚ್ಚಿದರೆ ಶಾಫ್ಟ್ ಉದ್ದವಾಗುತ್ತದೆ, ಉದ್ದವಾದಷ್ಟೂ ಸುಲಭವಾಗಿ ತಿರುಚುತ್ತದೆ ಎಂಬುದು ಆಮೇಲೆ ಅರಿವಿಗೆ ಬಂತು. ಹೆನ್ರಿ ರಾಯ್ಸ್ ಕೂಡ ತಮ್ಮ ಮೊದಲ ಆರು ಸಿಲಿಂಡರಿನ ಕಾರಿನಲ್ಲಿ ಈ ಕಾಟ ಅನುಭವಿಸಿದವರೇ. ರೋಲ್ಸ್-ರಾಯ್ಸ್ ಎಂದು ಇಂದು ನಾವು ಉಸಿರು ಬಿಗಿಹಿಡಿದು ಹೇಳುವ ಹೆಸರಿನ ಆ ರಾಯ್ಸ್! ಕ್ರ್ಯಾಂಕಿನ ಮುಂತುದಿಗೆ ಸ್ವಲ್ಪ ಜಾರಬಲ್ಲ ಗಾಲಿಯೊಂದನ್ನು ಕೂರಿಸಿ ಅವರು ದಾರಿ ಹುಡುಕಿದರು. ಅದೇ ಕಾಲದಲ್ಲಿ ಇನ್ನೊಬ್ಬರು ಇದರ ಬೆನ್ನು ಹತ್ತಿದ್ದರು. ಫ್ರೆಡರಿಕ್ ಲ್ಯಾಂಚೆಸ್ಟರ್.

ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1868ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಲ್ಯಾಂಚೆಸ್ಟರ್, ಬ್ರಿಟನ್ನಿನ ಮೊಟ್ಟಮೊದಲ ಪೆಟ್ರೋಲ್ ಕಾರುಗಳಲ್ಲಿ ಒಂದನ್ನು ಕಟ್ಟಿದವರು. ಡಿಸ್ಕ್ ಬ್ರೇಕಿಗೆ 1902ರಲ್ಲೇ ಪೇಟೆಂಟ್ ಪಡೆದವರು. ವಿಮಾನ ಏಕೆ ಹಾರುತ್ತದೆ ಎಂದು 1907ರಲ್ಲಿ ದೊಡ್ಡ ಗ್ರಂಥ ಬರೆದವರು. ಯುದ್ಧದಲ್ಲಿ ಸೈನ್ಯದ ಸಂಖ್ಯೆಗೂ ಗೆಲುವಿಗೂ ಇರುವ ಸಂಬಂಧವನ್ನು ಗಣಿತದ ಸೂತ್ರಕ್ಕಿಳಿಸಿದವರು. ಇಷ್ಟೆಲ್ಲ ಮಾಡಿಯೂ ಕೊನೆಗಾಲದಲ್ಲಿ ಕೈಯಲ್ಲಿ ಕಾಸಿರಲಿಲ್ಲ. ಅದಿರಲಿ. 1910ರಲ್ಲಿ ಇವರು ಕ್ರ್ಯಾಂಕ್‌ಶಾಫ್ಟಿನ ತಿರುಚಾಟವನ್ನು ತಣಿಸುವ ಸಾಧನಕ್ಕೆ ಪೇಟೆಂಟ್ ಪಡೆದರು. ಒಂದು ಡಬ್ಬಿ, ಒಳಗೆ ಎಣ್ಣೆಯಲ್ಲಿ ಮುಳುಗಿದ ಬಿಲ್ಲೆಗಳು, ಅವುಗಳ ಜೊತೆ ತಿರುಗುವ ಚಿಕ್ಕ ಫ್ಲೈವೀಲ್. ಶಾಫ್ಟ್ ನಡುಗಿದರೆ ಬಿಲ್ಲೆಗಳ ನಡುವಿನ ಎಣ್ಣೆ ಉಜ್ಜಿಕೊಂಡು ನಡುಕದ ಶಕ್ತಿಯನ್ನು ನುಂಗಿಬಿಡುತ್ತದೆ!

ಇನ್ನೂ ಮಜಾ ಕೇಳಿ. ಅದಕ್ಕೂ ಮೊದಲು, 1904ರ ಹೊತ್ತಿಗೆ, ನಾಲ್ಕು ಸಿಲಿಂಡರಿನ ಎಂಜಿನ್ ಮೇಲೆ ಕೆಳಗೆ ಕುಣಿಯುವುದನ್ನು ತಡೆಯಲು ಎದುರುಬದುರು ತಿರುಗುವ ಎರಡು ಬ್ಯಾಲೆನ್ಸ್ ಶಾಫ್ಟುಗಳನ್ನು ಹೂಡುವ ಉಪಾಯವೂ ಲ್ಯಾಂಚೆಸ್ಟರರದ್ದೇ. ತೀರ್ಥಹಳ್ಳಿಯ ಆ ಸಿಆರ್-ವಿಯ ಎಂಜಿನ್ನಿನ ತಳದಲ್ಲಿ, ಆಯಿಲ್ ಪಂಪಿನ ಜೊತೆಯಲ್ಲಿ, ಅಂಥ ಎರಡು ಶಾಫ್ಟುಗಳು ಇವೆ! ಕ್ರ್ಯಾಂಕಿನ ಮೂತಿಗೆ ಒಂದು ಉಪಾಯ, ಹೊಟ್ಟೆಗೆ ಇನ್ನೊಂದು. ನೂರು ವರ್ಷದ ಹಿಂದಿನ ಒಬ್ಬನೇ ಮನುಷ್ಯನ ಎರಡು ಆಲೋಚನೆ ಒಂದೇ ಎಂಜಿನ್ನಿನಲ್ಲಿ ಕೂತು ಆಗುಂಬೆ ಘಾಟಿ ಹತ್ತಿ ಇಳಿದಿವೆ.

ಎಣ್ಣೆಯ ಡಬ್ಬಿಯ ಜಾಗಕ್ಕೆ ಮುಂದೆ ಹೆಚ್ಚಿನ ಕಾರುಗಳಲ್ಲಿ ರಬ್ಬರ್ ಬಂತು. ಅದು ಕೆಲಸ ಮಾಡುವ ಪರಿ ತಿಳಿಯಬೇಕಾದರೆ ನಮ್ಮ ಊರಿನ ತೇರನ್ನು ನೆನೆಸಿಕೊಂಡರೆ ಸಾಕು. ನೂರಾರು ಕೈಗಳು ಹಗ್ಗ ಜಗ್ಗಿದ ಕ್ಷಣಕ್ಕೆ ತೇರು ಕದಲುವುದಿಲ್ಲ, ಹಗ್ಗ ಬಿಗಿಯುತ್ತದೆ, ಜನ ಹಿಂದಕ್ಕೆ ಎಳೆದಂತಾಗುತ್ತಾರೆ. ಕದಲಿದ ಮೇಲೆ ಜನ ನಿಂತರೂ ತೇರು ನಿಲ್ಲುವುದಿಲ್ಲ. ಪುಲ್ಲಿಯ ಹೊರ ಉಂಗುರದ ಸ್ವಭಾವವೂ ಅದೇ. ಏಟು ಬಿದ್ದು ಹಬ್ ಮುಂದಕ್ಕೆ ಚಿಮ್ಮಿದಾಗ ಭಾರದ ಉಂಗುರ ಹಿಂದೆ ಉಳಿದು, ರಬ್ಬರಿನ ಮೂಲಕ ಹಬ್ಬನ್ನು ಹಿಡಿದು ಜಗ್ಗುತ್ತದೆ. ಹಬ್ ಹಿಂದಕ್ಕೆ ಚಿಮ್ಮಿದಾಗ ಉಂಗುರ ಮುಂದೆ ಹೋಗುತ್ತ ಅದನ್ನು ಮುಂದಕ್ಕೆ ಎಳೆಯುತ್ತದೆ. ಯಾವಾಗ ನೋಡಿದರೂ ನಡುಕಕ್ಕೆ ವಿರುದ್ಧ! ರಬ್ಬರಿನ ಗಡಸುತನ ಮತ್ತು ಉಂಗುರದ ತೂಕವನ್ನು ಆ ನಿರ್ದಿಷ್ಟ ಕ್ರ್ಯಾಂಕ್‌ಶಾಫ್ಟಿನ ಲಯಕ್ಕೇ ಶ್ರುತಿ ಮಾಡಿರುತ್ತಾರೆ. ಹಿಗ್ಗಿ ಕುಗ್ಗುವಾಗ ರಬ್ಬರ್ ಆ ಶಕ್ತಿಯಲ್ಲಿ ಒಂದಿಷ್ಟನ್ನು ಶಾಖವಾಗಿಸಿ ಗಾಳಿಗೆ ಬಿಡುತ್ತದೆ. ಎಂಜಿನ್ನಿನ ಬಿಸಿ, ಈ ಒಳ ಬಿಸಿ, ಮೇಲಿಂದ ವರ್ಷಗಟ್ಟಲೆ ಧೂಳು, ನೀರು, ಸೀಲ್ ಸೋರಿದರೆ ಎಣ್ಣೆ. ಇಷ್ಟಾದ ಮೇಲೆ ರಬ್ಬರ್ ಬಿರಿಯದೆ ಇನ್ನೇನು ಮಾಡೀತು?

ಶಾಫ್ಟಿನ ಮುಂತುದಿಯಲ್ಲೇ ಇದನ್ನು ಏಕೆ ಕೂರಿಸಿದರು ಎಂಬುದೂ ಈಗ ಹೊಳೆಯುತ್ತದೆ. ಫ್ಲೈವೀಲಿನಿಂದ ಅತ್ಯಂತ ದೂರದ ಜಾಗ ಅದು, ಅತಿ ಹೆಚ್ಚು ಅಲುಗಾಡುವ ಜಾಗವೂ ಅದೇ. ನಡುಕ ಹೆಚ್ಚಿರುವಲ್ಲೇ ಕಾವಲುಗಾರ.

ಒಮ್ಮೆ ಈ ಕಣ್ಣು ತೆರೆಯಿತೆಂದರೆ ಇದರ ಬಂಧುಬಳಗ ಎಲ್ಲೆಲ್ಲೂ ಕಾಣತೊಡಗುತ್ತದೆ! ಹೈಟೆನ್ಷನ್ ಲೈನಿನ ಟವರ್ ಹತ್ತಿರ ತಲೆಯೆತ್ತಿ ನೋಡಿ. ತಂತಿ ಟವರಿಗೆ ಸೇರುವ ಜಾಗದ ಆಚೀಚೆ ಚಿಕ್ಕ ಡಂಬೆಲ್ ಥರದ್ದು ನೇತಾಡುತ್ತಿರುತ್ತದೆ. ಹಕ್ಕಿ ಓಡಿಸಲಿಕ್ಕೆ ಕಟ್ಟಿದ್ದಲ್ಲ ಅದು. ಗಾಳಿಗೆ ತಂತಿ ಸಣ್ಣಗೆ ನಡುಗಿ ನಡುಗಿ ತುಂಡಾಗುವುದನ್ನು ತಪ್ಪಿಸಲು ಅಮೆರಿಕದ ಜಾರ್ಜ್ ಸ್ಟಾಕ್‌ಬ್ರಿಜ್ 1920ರ ದಶಕದಲ್ಲಿ ಕಂಡುಕೊಂಡ ಸಾಧನ. ಹ್ಯಾಂಬರ್ಗಿನ ಹಡಗು ಕಟ್ಟೆಯ ಎಂಜಿನಿಯರ್ ಹರ್ಮನ್ ಫ್ರಾಮ್ 1902ರಲ್ಲೇ ಹಡಗಿನ ಉದ್ದುದ್ದ ಪ್ರೊಪೆಲರ್ ಶಾಫ್ಟುಗಳು ತಿರುಚುವುದನ್ನು ಅಳೆದು ಬರೆದರು. ಒಂದು ವಸ್ತುವಿನ ನಡುಕವನ್ನು ಅದಕ್ಕೆ ಜೋಡಿಸಿದ ಇನ್ನೊಂದು ಚಿಕ್ಕ ತೂಕದಿಂದ ಅಡಗಿಸುವ ಉಪಾಯಕ್ಕೆ 1909ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದವರೂ ಅವರೇ. ತೈವಾನಿನ 508 ಮೀಟರ್ ಎತ್ತರದ ತೈಪೆ 101 ಕಟ್ಟಡದ ಮೇಲ್ಭಾಗದಲ್ಲಿ 660 ಟನ್ ತೂಕದ ಉಕ್ಕಿನ ಗೋಳವನ್ನು ನೇತುಹಾಕಿದ್ದಾರೆ, ಬಿರುಗಾಳಿಗೆ ಕಟ್ಟಡ ತೂಗಾಡದಿರಲೆಂದು. ಹಡಗು, ತಂತಿ, ಗಗನಚುಂಬಿ, ಆ ಕರಿ ಪುಲ್ಲಿ: ಎಲ್ಲ ಒಂದೇ ವಂಶ!

ಸರಿ, ಇಷ್ಟು ತಿಳಿದ ಮೇಲೆ ಬಿಚ್ಚಬೇಕಲ್ಲ. ಬಿಚ್ಚುವುದರಲ್ಲೇ ಇನ್ನೊಂದು ಅಚ್ಚರಿ ಕಾದಿತ್ತು.

ಪುಲ್ಲಿಯನ್ನು ಹಿಡಿದಿರುವುದು ಒಂದೇ ಒಂದು ಬೋಲ್ಟ್. ತಲೆ 19 ಮಿ.ಮೀ. ಈ ಕೆ-ಸೀರೀಸ್ ಎಂಜಿನ್ನಿಗೆ ಹೊಂಡಾ ಹೇಳುವ ಬಿಗಿ 245 ನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಉದ್ದದ ರಾಡಿನ ತುದಿಯಲ್ಲಿ 25 ಕೆ.ಜಿ. ತೂಗಿಬಿಟ್ಟಷ್ಟು. ಅದೇ ಗಾಡಿಯ ಚಕ್ರದ ನಟ್ಟಿಗೆ 108 ಸಾಕು! ಮೇಲಾಗಿ ವರ್ಷಗಟ್ಟಲೆ ಬಿಸಿ ತಿಂದು ತಣ್ಣಗಾಗಿ ಕಚ್ಚಿಕೊಂಡಿರುತ್ತದೆ. ಇನ್ನೊಂದು ಪೇಚು ಏನೆಂದರೆ, ಬೋಲ್ಟ್ ತಿರುಗಿಸಲು ಹೋದರೆ ಅದರ ಜೊತೆ ಇಡೀ ಎಂಜಿನ್ನೇ ತಿರುಗುತ್ತದೆ. ಹಿಡಿಯುವುದು ಯಾವುದನ್ನು?

ಹೊಂಡಾದವರು ಇದಕ್ಕೆ ಪುಲ್ಲಿಯ ನಡುವಿನಲ್ಲೇ ಉತ್ತರ ಕೊರೆದಿಟ್ಟಿದ್ದಾರೆ. ಹಬ್ಬಿನ ಮಧ್ಯೆ ಆರು ಮೂಲೆಯ ಹಳ್ಳ, ಅಗಲ 50 ಮಿ.ಮೀ. ಅದರೊಳಗೆ ಕೂರುವ ಆರು ಮೂಲೆಯ ಹೋಲ್ಡರ್ ಒಂದಿದೆ, ನಡುವೆ ತೂತು. ಹೋಲ್ಡರಿಗೆ ಉದ್ದದ ರಾಡ್ ಸಿಕ್ಕಿಸಿ ಗಾಡಿಯ ಅಡಿಭಾಗಕ್ಕೆ ಆನಿಸಿದರೆ ಪುಲ್ಲಿ ಅಲುಗದು. ನಡುವಿನ ತೂತಿನಿಂದ ಸಾಕೆಟ್ ತೂರಿಸಿ ಬೋಲ್ಟ್ ತಿರುಗಿಸಬಹುದು. ಉಸ್ತಾದರು ಬೋಲ್ಟಿಗೆ ಸಾಕೆಟ್ ಕೂರಿಸಿ, ಅದಕ್ಕೆ ಬ್ರೇಕರ್ ಬಾರ್ ಹಾಕಿ, ಬಾರಿಗೆ ಜ್ಯಾಕಿನ ಪೈಪ್ ತೊಡಿಸಿ ಉದ್ದ ಮಾಡಿದರು. ಹುಡುಗ ಹೋಲ್ಡರಿನ ಮೇಲೆ ಕಣ್ಣಿಟ್ಟ. ಉಸ್ತಾದರು ಎರಡೂ ಕೈಯಲ್ಲಿ ಪೈಪ್ ಹಿಡಿದು ಮೈಭಾರ ಬಿಟ್ಟರು. ಏನೂ ಆಗಲಿಲ್ಲ. ಪೈಪ್ ಬಾಗಿತು. ಇನ್ನೊಮ್ಮೆ. ಗುಂಡು ಹೊಡೆದಂತೆ ‘ಟಪ್’! ಗ್ಯಾರೇಜಿನ ಆಚೆ ತುದಿಯಲ್ಲಿ ಟೈರ್ ಬಿಚ್ಚುತ್ತಿದ್ದವರೂ ತಿರುಗಿ ನೋಡಿದರು. ನನಗೆ ಎದೆ ಧಸಕ್ ಎಂದಿತು. "ಮುರಿಲಿಲ್ಲ ಸಾರ್, ಬಿಡ್ತು" ಎಂದರು ಉಸ್ತಾದರು, ನಗುತ್ತ.

ಇದಕ್ಕೊಂದು ಅಡ್ಡದಾರಿ ಉಂಟು. ಬ್ರೇಕರ್ ಬಾರನ್ನು ನೆಲಕ್ಕೆ ಆನಿಸಿ, ಸ್ಟಾರ್ಟರನ್ನು ಒಂದು ಕ್ಷಣ ಕಟಕಟಾಯಿಸಿದರೆ ಎಂಜಿನ್ ತಾನೇ ತಿರುಗಿ ತನ್ನ ಬೋಲ್ಟನ್ನು ತಾನೇ ಬಿಚ್ಚುತ್ತದೆ! ಪುಲ್ಲಿಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವ ಎಂಜಿನ್ನಿನಲ್ಲಿ ಇದು ಸಾಧ್ಯ. ಹೊಂಡಾದ ಹಳೆಯ ಅನೇಕ ಎಂಜಿನ್ನುಗಳು ತದ್ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದವು, ಅವುಗಳಲ್ಲಿ ಹೀಗೆ ಮಾಡಿದರೆ ಬೋಲ್ಟ್ ಇನ್ನಷ್ಟು ಬಿಗಿ. ಕೇಳಲು ಚಂದ, ಆದರೆ ಬಾರ್ ಜಾರಿದರೆ ಮೊಣಕಾಲು ಪುಡಿ. ಈ ಸಾಹಸ ಮನೆಯಲ್ಲಿ ಬೇಡ.

ಪುಲ್ಲಿ ಕೈಗೆ ಬಂತು. ಅಬ್ಬಾ, ಎಂಥ ತೂಕ! ಬೆಲ್ಟ್ ಗಾಲಿಗೆ ಇಷ್ಟು ತೂಕ ಬೇಕೇ ಬೇಡ, ಅದು ಉಂಗುರಕ್ಕೆಂದೇ ಇಟ್ಟ ತೂಕ. ಎರಡೂ ಕೈಯಲ್ಲಿ ಹಿಡಿದು ತಿರುಚಿದರೆ ಉಂಗುರ ಹಬ್ಬಿನ ಮೇಲೆ ಕರಕರ ಎನ್ನುತ್ತ ಸರಿಯಿತು. ಹೊಸ ಪುಲ್ಲಿಯನ್ನು ಹಾಗೇ ತಿರುಚಿ ನೋಡಿದೆ, ಬಂಡೆ. ಪುಲ್ಲಿ ಹೋದ ಜಾಗದಲ್ಲಿ ಕ್ರ್ಯಾಂಕಿನ ತುದಿ, ಅದರ ಸುತ್ತ ಆಯಿಲ್ ಸೀಲ್, ತುದಿಗೆ ಹೊಂದಿಕೊಂಡು ಪುಲ್ಲಿ ಜಾರದಂತೆ ಹಿಡಿಯುವ ಪುಟ್ಟ ಲೋಹದ ಕೀ. ಸೀಲಿನ ತುಟಿಯಲ್ಲಿ ಎಣ್ಣೆಯ ಜಿನುಗು ಇದೆಯೇ ಎಂದು ಉಸ್ತಾದರು ಬೆರಳಿನಲ್ಲಿ ಸವರಿ ನೋಡಿದರು. ಇಷ್ಟು ಬಿಚ್ಚಿದ ಮೇಲೆ ಸೀಲ್ ನೋಡದೆ ಮುಚ್ಚುವವರು ಮೆಕ್ಯಾನಿಕ್ಕೇ ಅಲ್ಲ ಎಂದು ನನ್ನ ಅಭಿಪ್ರಾಯ.

ಆ ಕೀ ಇಲ್ಲದ ಎಂಜಿನ್ನುಗಳೂ ಇವೆ! ಫೋರ್ಡ್, ಮಾಜ್ದಾದ ಕೆಲವು ಎಂಜಿನ್ನುಗಳಲ್ಲಿ ಪುಲ್ಲಿ, ಟೈಮಿಂಗ್ ಚಕ್ರ ಎಲ್ಲವೂ ಬರೀ ಬೋಲ್ಟಿನ ಬಿಗಿಯಿಂದ, ಉಜ್ಜುವಿಕೆಯಿಂದ ಕ್ರ್ಯಾಂಕಿಗೆ ಅಂಟಿಕೊಂಡಿರುತ್ತವೆ. ಜಾರಬಾರದೆಂದು ನಡುವೆ ತೆಳ್ಳನೆಯ ವಾಷರ್ ಇಡುತ್ತಾರೆ. ಅದರ ಮೈಮೇಲೆ ಏನು ಲೇಪಿಸಿರುತ್ತಾರೆ ಊಹಿಸಿ. ವಜ್ರದ ಪುಡಿ! ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರದ ಕಣಗಳು ಎರಡೂ ಕಡೆಯ ಉಕ್ಕಿಗೆ ಚುಚ್ಚಿಕೊಂಡು ಹಿಡಿಯುತ್ತವೆ. ಇಂಥ ಎಂಜಿನ್ನಿನಲ್ಲಿ ಟೈಮಿಂಗ್ ಪಿನ್ ಹಾಕದೆ ಆ ಬೋಲ್ಟ್ ಸಡಿಲಿಸಿದಿರೋ, ವಾಲ್ವುಗಳ ಲೆಕ್ಕವೆಲ್ಲ ತಪ್ಪಿ ಪಿಸ್ಟನ್ನಿಗೆ ಡಿಕ್ಕಿ ಹೊಡೆಯಬಹುದು. ಎಂಜಿನ್ನಿಂದ ಎಂಜಿನ್ನಿಗೆ ಪದ್ಧತಿ ಬೇರೆ. ಮ್ಯಾನ್ಯುಯಲ್ ನೋಡದೆ ಕೈ ಹಾಕಬಾರದು ಎನ್ನುವುದು ಇದಕ್ಕೇ.

ಜೋಡಿಸುವಾಗ ಉಸ್ತಾದರು ಮಾಡಿದ ಒಂದು ಕೆಲಸ ನೋಡಿ ಬೆರಗಾದೆ. ಪುಲ್ಲಿ ಕೂರುವ ಮುಖವನ್ನು ಒಣ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಎಣ್ಣೆಯ ಪಸೆ ಇಲ್ಲದಂತೆ ಮಾಡಿದರು. ಬೋಲ್ಟಿನ ಮರೆಗೆ ಮತ್ತು ತಲೆಯ ಅಡಿಗೆ ಮಾತ್ರ ಎಂಜಿನ್ ಆಯಿಲ್ ಸವರಿದರು. ಒಂದು ಕಡೆ ಎಣ್ಣೆ ಕೂಡದು, ಒಂದು ಕಡೆ ಬೇಕೇ ಬೇಕು! ಕಾರಣ ಹೀಗಿದೆ. ಬೋಲ್ಟ್ ಬಿಗಿಯಲು ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ತಲೆಯ ಅಡಿಯ ಉಜ್ಜುವಿಕೆಗೇ ಹೋಗುತ್ತದೆ, ಇನ್ನೊಂದು ನಲವತ್ತು ಭಾಗ ಮರೆಯ ಉಜ್ಜುವಿಕೆಗೆ. ನೂರರಲ್ಲಿ ಬೋಲ್ಟನ್ನು ನಿಜವಾಗಿ ಎಳೆದು ಬಿಗಿಯುವುದು ಹತ್ತು ಮಾತ್ರ! ಹೌದು, ಬೋಲ್ಟ್ ಹಿಗ್ಗುತ್ತದೆ, ಹಿಗ್ಗಿದ ಉಕ್ಕು ಮರಳಿ ಕುಗ್ಗಲು ಹೆಣಗುವ ಆ ಹಲವು ಟನ್ ಬಲವೇ ಪುಲ್ಲಿಯನ್ನು ಹಿಡಿದಿರುವುದು. ಮರೆ ಒಣಗಿದ್ದರೆ ಟಾರ್ಕ್ ವ್ರೆಂಚ್ 245 ಎಂದು ‘ಕಟಕ್’ ಎಂದರೂ ಒಳಗೆ ಬಿಗಿ ಸಾಲದು. ಇಂಪ್ಯಾಕ್ಟ್ ಗನ್ನಿನಲ್ಲಿ ಗರ್‍ರೆಂದು ಬಿಗಿದು ಬಿಡುವವರಿಗೆ ಒಳಗೆ ಎಷ್ಟು ಹಿಗ್ಗಿದೆ ಎಂದು ಹೇಗೆ ಗೊತ್ತಾಗಬೇಕು? ಇದೇ ತಲೆನೋವಿಗೆ ಅನೇಕ ಕಂಪನಿಗಳು ಈಗ ಮೊದಲು ಸ್ವಲ್ಪ ಬಿಗಿದು, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಿ ಎನ್ನುತ್ತವೆ. ಹಾಗೆ ಬಿಗಿಯುವ ಬೋಲ್ಟುಗಳಲ್ಲಿ ಕೆಲವನ್ನು ಬಿಚ್ಚಿದ ಮೇಲೆ ಮತ್ತೆ ಹಾಕುವಂತಿಲ್ಲ, ಹೊಸದೇ ಬೇಕು.

ಕೊನೆಗೆ ಬೆಲ್ಟ್. ಅದರ ಬೆನ್ನ ಮೇಲಿನ ಅಂಕಿಯೂ ಒಂದು ಸಂಕೇತ. ಉದಾಹರಣೆಗೆ, 6ಪಿಕೆ ಎಂದರೆ ಆರು ಏಣು, ಏಣಿನಿಂದ ಏಣಿಗೆ 3.56 ಮಿ.ಮೀ., ಅದರ ಮುಂದಿನ ಸಂಖ್ಯೆ ಬೆಲ್ಟಿನ ಉದ್ದ ಮಿಲಿಮೀಟರಿನಲ್ಲಿ. ಎಲ್ಲ ಏಣೂ ಪುಲ್ಲಿಯ ಗೀರುಗಳಲ್ಲಿ ಕೂತಿವೆಯೇ ಎಂದು ಹುಡುಗ ಟಾರ್ಚ್ ಬಿಟ್ಟು ನೋಡಿದ. ಒಂದು ಏಣು ಹೊರಗುಳಿದರೂ ಬೆಲ್ಟ್ ಬದುಕುವುದಿಲ್ಲ. ಸ್ಟಾರ್ಟ್ ಮಾಡಿದರು. ಕಿರುಚಾಟ ಮಾಯ! ಎಸಿ ಹಾಕಿದರು, ಸ್ಟೀರಿಂಗ್ ಪೂರ್ತಿ ತಿರುಗಿಸಿದರು, ಉಹುಂ, ಸದ್ದಿಲ್ಲ. ಪುಲ್ಲಿಯ ಅಂಚು ನೋಡಿದರೆ ತಿರುಗುತ್ತಿದೆಯೋ ನಿಂತಿದೆಯೋ ಹೇಳುವಂತಿರಲಿಲ್ಲ, ಅಷ್ಟು ನೆಟ್ಟಗೆ.

ಗಾಡಿ ಮಾಲೀಕರು ಕೇಳಿದ ಒಂದು ಪ್ರಶ್ನೆಗೆ ಇಲ್ಲೇ ಉತ್ತರ ಹೇಳಬೇಕು. "ಅಲ್ಯೂಮಿನಿಯಂ ಪುಲ್ಲಿ ಬರುತ್ತಂತಲ್ಲ, ಹಗುರ, ಪಿಕಪ್ ಜಾಸ್ತಿ ಅಂತಾರೆ?" ಬರುತ್ತದೆ. ಕೆಂಪು, ನೀಲಿ ಬಣ್ಣದಲ್ಲಿ ಥಳಥಳ ಹೊಳೆಯುತ್ತದೆ. ಒಂದೇ ತುಂಡು, ರಬ್ಬರಿಲ್ಲ. ಎಂಜಿನ್ ಚುರುಕಾಗಿ ರೇಸ್ ಆಗುವುದೂ ನಿಜ. ಆದರೆ ನಡುಕ ತಣಿಸುವ ರಬ್ಬರ್ ಪುಲ್ಲಿ ಇದ್ದ ಜಾಗಕ್ಕೆ ಅದನ್ನು ಹಾಕುವುದೆಂದರೆ, ಶಾಫ್ಟಿನ ನಡುಕವನ್ನು ನುಂಗುತ್ತಿದ್ದ ಒಂದೇ ವಸ್ತುವನ್ನು ಕಿತ್ತು ಹಾಕಿ ಆ ನಡುಕವನ್ನೆಲ್ಲ ಬೇರಿಂಗು, ಟೈಮಿಂಗ್ ಚೈನು, ಆಯಿಲ್ ಪಂಪಿನ ಮೇಲೆ ಬಿಡುವುದು. ಕೆಲವು ಸಣ್ಣ ಎಂಜಿನ್ನುಗಳಿಗೆ ಕಂಪನಿಯೇ ರಬ್ಬರಿಲ್ಲದ ಪುಲ್ಲಿ ಕೊಟ್ಟಿರುತ್ತದೆ, ಅವುಗಳ ಶಾಫ್ಟ್ ಗಿಡ್ಡ ಮತ್ತು ಗಟ್ಟಿ, ಅಲ್ಲಿ ಚಿಂತೆಯಿಲ್ಲ. ಕಂಪನಿ ರಬ್ಬರ್ ಕೊಟ್ಟಿದ್ದರೆ ರಬ್ಬರೇ ಇರಲಿ. ಅದೇ ಅಳತೆ ಇದೆಯೆಂದು ಅಗ್ಗದ ನಕಲಿಯನ್ನೂ ಹಾಕಿಸಬೇಡಿ. ಅಳತೆ ಹೊಂದಬಹುದು, ಶ್ರುತಿ ಹೊಂದಬೇಕಲ್ಲ.

ಇನ್ನು ಓದುಗರಿಗೆ ಒಂದು ಮಾತು. ಮುಂದಿನ ಸಲ ಬೆಲ್ಟ್ ಬದಲಿಸಲು ಗಾಡಿ ಕೊಟ್ಟಾಗ ಕೌಂಟರಿನಲ್ಲಿ ಕೂರಬೇಡಿ, ಚಕ್ರ ಬಿಚ್ಚಿರುವ ಹೊತ್ತಿಗೆ ಗಾಡಿಯ ಪಕ್ಕ ಹೋಗಿ ನಿಲ್ಲಿ. ಎಂಜಿನ್ ಆಫ್ ಆಗಿ ತಣ್ಣಗಿರುವಾಗ ಪುಲ್ಲಿಯ ಮುಖಕ್ಕೆ ಟಾರ್ಚ್ ಬಿಡಿ. ಹಬ್ಬಿಗೂ ಉಂಗುರಕ್ಕೂ ನಡುವಿನ ಕರಿ ಪಟ್ಟಿ ಸುತ್ತಲೂ ಒಂದೇ ಸಮ ಇರಬೇಕು. ಬಿರುಕು, ಉಬ್ಬು, ಎಣ್ಣೆ ಕಂಡರೆ, ಅಥವಾ ಉಂಗುರ ಚೂರು ಹೊರಕ್ಕೆ ಸರಿದಂತೆ ಅನಿಸಿದರೆ, ಬೆಲ್ಟಿನ ಜೊತೆಗೇ ಪುಲ್ಲಿಯನ್ನೂ ಬದಲಿಸಲು ಹೇಳಿ. ಬೋಲ್ಟನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಯಲಿ.